ಶಾಲೆಗಳಲ್ಲಿ ಯೋಗಶಿಕ್ಷಣ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ದಾರಿಯ ಆಯಾಸವನ್ನು ಲೆಕ್ಕಿಸದೆ ಬಂದು ನೆರೆದಿರುವ ಸದ್ಭಕ್ತ ಮಹಾಜನರೆ, ತಾಯಂದಿರೆ, ಉಪಾಧ್ಯಾಯ ಮಿತ್ರರೆ, ವಿದ್ಯಾರ್ಥಿಗಳೆ,

ಶಿವಯೋಗವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಆ ಮಹಾವಿಷಯವನ್ನು ಪೂರ್ಣವಾಗಿ ವಿವರಿಸುವ ಶಕ್ತಿಯು ನನಗಿಲ್ಲ. ಆದರೆ ಅದಕ್ಕೆ ಹತ್ತಿರದ್ದಾದ ಒಂದು ಪ್ರಶ್ನೆಯನ್ನು ನಮ್ಮ ಶಾಲೆಗಳ ಉಪಾಧ್ಯಾಯರೂ, ಮಕ್ಕಳ ತಾಯಿತಂದೆಗಳೂ ಅನೇಕ ಸಾರಿ ನನ್ನ ಮುಂದಿಟ್ಟಿದ್ದಾರೆ. ಎಲ್ಲ ಮತದ, ಎಲ್ಲ ಜಾತಿಯ ಮಕ್ಕಳು ಕೂಡಿ ಕಲಿಯುವ ಶಾಲೆಗಳಲ್ಲಿ ಯೋಗವನ್ನು ಕಲಿಸಬಹುದೆ? ಕಲಿಸುವುದಾದರೆ ಕಡ್ಡಾಯವಾಗಿ ಕಲಿಸಬೇಕೆ? ಇದು ಕೇವಲ ಸರ್ಕಾರವು ತೀರ್ಮಾನಿಸತಕ್ಕ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಶ್ರೀಮಠಗಳು ವಿದ್ಯಾಸಂಸ್ಥೆಗಳನ್ನು ನಡೆಯಿಸುತ್ತವೆ. ಅವುಗಳಲ್ಲಿ ಅನೇಕವು ಸರ್ಕಾರದ ಸಹಾಯಧನವನ್ನು ಪಡೆಯುತ್ತವೆ. ಆದುದರಿಂದ ಈ ಪ್ರಶ್ನೆಯು ನಮ್ಮ ಬಾಗಿಲಿಗೇ ಬಂದಿದೆ. ಪಾಠಶಾಲೆಯಲ್ಲಿ ನಾನು ಕಲಿತ ಕ್ರಮದಂತೆಯೇ, ಮೊದಲು ಪೂರ್ವಪಕ್ಷಗಳನ್ನು ಹೇಳಿ, ಬಳಿಕ ನನಗೆ ತೋರಿದ ಸಿದ್ಧಾಂತವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಈ ವಿಷಯದಲ್ಲಿ ಮೂರು ಪಕ್ಷಗಳುಂಟು. ಯೋಗಕ್ಕೆ ಯಾವ ಮತವೂ ಇಲ್ಲ, ಅದು ಗಣಿತದಂತೆ ಒಂದು ಶಾಸ್ತ್ರ, ಆದುದರಿಂದ ಎಲ್ಲರೂ ಕಲಿಯಬೇಕೆಂಬುದು ಮೊದಲನೆಯದು. ಯೋಗವು ಒಂದು ಮತದ ಉಪಾಸನೆ, ಆದುದರಿಂದ ಅದು ಸರ್ಕಾರಿ ಶಾಲೆಯ ಹೊಸ್ತಿಲನ್ನು ದಾಟಬಾರದೆಂಬುದು ಎರಡನೆಯದು. ಯೋಗವು ನಮ್ಮ ಹಿರಿಯರದು, ಈ ನೆಲದಲ್ಲಿ ಹುಟ್ಟಿದವರೆಲ್ಲರೂ ಅದನ್ನು ಮಾಡಲೇಬೇಕು, ಇದರಲ್ಲಿ ಒಬ್ಬರನ್ನು ಕೇಳುವುದೇನೆಂಬುದು ಮೂರನೆಯದು. ಇವುಗಳಲ್ಲಿ ಒಂದೊಂದರಲ್ಲಿಯೂ ಸತ್ಯದ ಒಂದು ಅಂಶವಿದೆ, ಯಾವುದರಲ್ಲಿಯೂ ಪೂರ್ಣಸತ್ಯವಿಲ್ಲ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಯೋಗವು ಅತಿ ಪುರಾತನವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಣಿಕೆಯಿಟ್ಟು ಆಸನಗಳನ್ನು ಮಾಡಿಸುವ ಶಾಲಾಪಾಠವು ಪುರಾತನವಲ್ಲ. ಅದರ ವಯಸ್ಸು ಸುಮಾರು ನೂರು ವರ್ಷಗಳು. ಅದರ ಕಥೆಯಲ್ಲಿ ನಮ್ಮ ನಾಡಿನ ಪಾಲು ಬಹಳ ದೊಡ್ಡದು. ತಿರುಮಲೈ ಕೃಷ್ಣಮಾಚಾರ್ಯರು ೧೮೮೮ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಜಗಳೂರು ಸಹ ಆ ಜಿಲ್ಲೆಗೇ ಸೇರಿತ್ತಾದುದರಿಂದ, ಅವರನ್ನು ನಮ್ಮ ನೆರೆಯವರೆಂದರೆ ತಪ್ಪಾಗಲಾರದು. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಆಶ್ರಯವಿತ್ತು, ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆಯಿಸಿದರು. ಆಚಾರ್ಯರು ‘ಯೋಗಮಕರಂದ’ವನ್ನು ೧೯೩೪ರಲ್ಲಿಯೂ ‘ಯೋಗಾಸನಗಳು’ ಎಂಬ ಗ್ರಂಥವನ್ನು ೧೯೪೧ರಲ್ಲಿಯೂ ಪ್ರಕಟಿಸಿದ್ದು ಕನ್ನಡದಲ್ಲಿ ಎಂಬ ಸಂಗತಿಯನ್ನು ಕನ್ನಡಿಗರೇ ಮರೆತಂತಿದೆ. ಹಾಸನದ ಸೀಮೆಯ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರೂ, ಕೋಲಾರದ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರು. ಇದೇ ಕಾಲದಲ್ಲಿ ಮಹಾರಾಷ್ಟ್ರದ ಔಂಧ್ ಸಂಸ್ಥಾನದ ಅರಸರು ಸೂರ್ಯನಮಸ್ಕಾರವನ್ನು ತಮ್ಮ ಶಾಲೆಗಳಲ್ಲಿ ಬಳಕೆಗೆ ತಂದರು. ಮೈಸೂರಿನ ಯೋಗಶಾಲೆಯು ೧೯೫೦ರಲ್ಲಿ ಮುಚ್ಚಿಹೋಯಿತು. ಆದರೆ ಅಲ್ಲಿ ಕಲಿತವರ ಮೂಲಕ ಆ ವಿದ್ಯೆಯು ಸಮುದ್ರಗಳನ್ನು ದಾಟಿತು.

ದಾಟಿದ ಮೇಲೆ ಏನಾಯಿತೆಂಬುದು ಕೇಳತಕ್ಕ ವಿಷಯ. ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಎನ್ಸಿನಿಟಾಸ್ ಎಂಬ ಊರಿದೆ. ಅಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ, ನಮ್ಮ ಪಟ್ಟಾಭಿ ಜೋಯಿಸರ ಹೆಸರಿನಲ್ಲಿ ಸ್ಥಾಪಿತವಾದ ಒಂದು ನಿಧಿಯ ಸಹಾಯದಿಂದ ಯೋಗವನ್ನು ಕಲಿಸತೊಡಗಿದರು. ಇದು ಮತಬೋಧೆಯೆಂದು ತಾಯಿತಂದೆಗಳು ನ್ಯಾಯಾಲಯಕ್ಕೆ ಹೋದರು. ೨೦೧೩ರ ಜುಲೈ ೧ರಂದು ನ್ಯಾಯಾಧೀಶರು, ಯೋಗದ ಮೂಲವು ಧಾರ್ಮಿಕವಾದುದೇ ಸರಿ, ಆದರೆ ಈ ಶಾಲೆಗಳಲ್ಲಿ ಕಲಿಸುತ್ತಿರುವ ರೀತಿಯು ಧಾರ್ಮಿಕವಲ್ಲವೆಂದು ತೀರ್ಪಿತ್ತರು. ೨೦೧೫ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಯೋಗಕ್ಕೆ ಜಯವಾಯಿತೆಂದು ನಾವು ಹಿಗ್ಗಬಹುದು. ಆದರೆ ಆ ಜಯಕ್ಕೆ ತೆತ್ತ ಬೆಲೆಯನ್ನು ನೋಡಿರಿ. ಸಂಸ್ಕೃತದ ಹೆಸರುಗಳನ್ನು ಕೈಬಿಟ್ಟರು. ಪದ್ಮಾಸನಕ್ಕೆ ಅಲ್ಲಿನ ಎಳೆಯ ಮಕ್ಕಳು ಚಕ್ಕಳಮಕ್ಕಳಕ್ಕೆ ಹೇಳುವ ಒಂದು ಆಟದ ಮಾತನ್ನು ಹೆಸರಾಗಿಟ್ಟರು. ಅದೇ ದೇಶದ ಅಲಬಾಮಾ ಪ್ರಾಂತದಲ್ಲಿ ೧೯೯೩ರಿಂದ ಶಾಲೆಗಳಲ್ಲಿ ಯೋಗವೇ ನಿಷಿದ್ಧವಾಗಿತ್ತು. ೨೦೨೧ರಲ್ಲಿ ನಿಷೇಧವನ್ನು ತೆಗೆದರಾದರೂ, ಆಸನಗಳಿಗೆ ಇಂಗ್ಲಿಷ್ ಹೆಸರುಗಳೇ ಇರಬೇಕು, ಮಂತ್ರವಿರಬಾರದು, ‘ನಮಸ್ತೆ’ ಎನ್ನಬಾರದು, ತಾಯಿತಂದೆಗಳ ಒಪ್ಪಿಗೆಯ ಪತ್ರವಿರಬೇಕು ಎಂದು ವಿಧಿಸಿದರು.

‘ಯೋಗಕ್ಕೆ ಯಾವ ಸಂಬಂಧವೂ ಇಲ್ಲ, ಅದು ಬರಿಯ ವ್ಯಾಯಾಮ’ ಎಂದು ವಾದಿಸುವ ಮೊದಲನೆಯ ಪಕ್ಷದವರು ಕೊನೆಗೆ ಇಲ್ಲಿಗೆ ಬಂದು ಮುಟ್ಟುತ್ತಾರೆ. ಎಲ್ಲರಿಗೂ ಒಪ್ಪಿಗೆಯಾಗಲೆಂದು ಹಣ್ಣಿನ ರಸವನ್ನೆಲ್ಲ ಹಿಂಡಿ ಸಿಪ್ಪೆಯನ್ನು ಹಂಚಿದಂತೆ ಇದು. ಸಿಪ್ಪೆಯಿಂದಲೂ ಪ್ರಯೋಜನವುಂಟು, ಇಲ್ಲವೆನ್ನುವುದಿಲ್ಲ. ಆದರೆ ಅದೇ ಹಣ್ಣೆಂದು ಹೇಳಬಾರದು.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ೨೦೧೪ರ ಡಿಸೆಂಬರ್ ೧೧ರಂದು ವಿಶ್ವಸಂಸ್ಥೆಯ ಮಹಾಸಭೆಯು ೧೭೦ಕ್ಕೂ ಮೇಲ್ಪಟ್ಟ ರಾಷ್ಟ್ರಗಳ ಅನುಮೋದನೆಯೊಡನೆ ಜೂನ್ ೨೧ನ್ನು ಯೋಗದಿನವೆಂದು ಘೋಷಿಸಿತು. ೨೦೧೫ರಿಂದ ಅದು ನಡೆದುಬಂದಿದೆ. ಮೊದಲ ವರ್ಷದ ಸಾಮಾನ್ಯಕ್ರಮದಲ್ಲಿ ಸೂರ್ಯನಮಸ್ಕಾರವನ್ನು ಸೇರಿಸಿರಲಿಲ್ಲ. ಒಂದರಿಂದ ಎಂಟನೆಯ ತರಗತಿಯವರೆಗೆ ಯೋಗವನ್ನು ಕಡ್ಡಾಯ ಮಾಡಬೇಕೆಂದು ಕೆಲವರು ಸರ್ವೋಚ್ಚ ನ್ಯಾಯಾಲಯವನ್ನು ಬೇಡಿದಾಗ, ೨೦೧೭ರ ಆಗಸ್ಟ್ ೮ರಂದು ಆ ನ್ಯಾಯಾಲಯವು, ಶಾಲೆಗಳಲ್ಲಿ ಏನನ್ನು ಕಲಿಸಬೇಕೆಂಬುದನ್ನು ವಿಧಿಸುವುದು ತನ್ನ ಕೆಲಸವಲ್ಲವೆಂದು ಬೇಡಿಕೆಯನ್ನು ತಳ್ಳಿಹಾಕಿತು. ೨೦೨೨ರ ಜನವರಿಯಲ್ಲಿ ಶಾಲಾ ಕಾಲೇಜುಗಳಲ್ಲಿ ಸಾಮೂಹಿಕ ಸೂರ್ಯನಮಸ್ಕಾರದ ವಿಚಾರವು ಬಂದಾಗ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯು, ಸೂರ್ಯನನ್ನು ಪೂಜಿಸುವುದು ತಮ್ಮ ಧರ್ಮಕ್ಕೆ ಸಮ್ಮತವಲ್ಲವೆಂದು ಆಕ್ಷೇಪಿಸಿತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ರಾಜ್ಯದ ಶಿಕ್ಷಣಸಚಿವರಾಗಿದ್ದ ಬಿ.ಸಿ. ನಾಗೇಶರು ಶಾಲೆಗಳಲ್ಲಿ ಪ್ರತಿದಿನವೂ ೧೦ ನಿಮಿಷಗಳ ಧ್ಯಾನವಾಗಬೇಕೆಂದಾಗಲೂ ಪರವಿರೋಧದ ಚರ್ಚೆಯು ನಡೆಯಿತು.

ಈ ಚರ್ಚೆಗಳಲ್ಲಿ ಎರಡು ಕಡೆಯವರೂ ಸಂವಿಧಾನದ ಹೆಸರನ್ನೆತ್ತುತ್ತಾರೆ. ಅದರಲ್ಲಿರುವುದನ್ನು ಓದಿದವರು ಕಡಮೆ. ೨೮ನೆಯ ಅನುಚ್ಛೇದವು ಹೇಳುವುದಿಷ್ಟು: ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಮತಬೋಧೆಯಿರಕೂಡದು, ಸರ್ಕಾರದ ಮನ್ನಣೆಯನ್ನಾಗಲಿ ಸಹಾಯಧನವನ್ನಾಗಲಿ ಪಡೆದ ಸಂಸ್ಥೆಯಲ್ಲಿ, ತನ್ನ ಒಪ್ಪಿಗೆಯಿಲ್ಲದೆ, ಪ್ರಾಪ್ತವಯಸ್ಸು ಬಾರದ ಮಗುವಾದರೆ ಅದರ ಪೋಷಕರ ಒಪ್ಪಿಗೆಯಿಲ್ಲದೆ, ಯಾರನ್ನೂ ಮತಬೋಧೆಗಾಗಲಿ ಪೂಜೆಗಾಗಲಿ ಬಲಾತ್ಕರಿಸಕೂಡದು. ಈ ಎರಡನೆಯ ಮಾತು ಮಠಗಳು ನಡೆಯಿಸುವ ಶಾಲೆಗಳಿಗೂ ಅನ್ವಯಿಸುತ್ತದೆಂಬುದನ್ನು ನಾವು ಮರೆಯಬಾರದು. ಆಸನವು ವ್ಯಾಯಾಮವಾಗಿರುವವರೆಗೆ ಈ ವಿಧಿಯು ಅಡ್ಡಬಾರದು. ಅದರೊಡನೆ ಉಪಾಸನೆಯು ಸೇರಿದ ಕ್ಷಣದಲ್ಲಿ ಒಪ್ಪಿಗೆಯ ಪ್ರಶ್ನೆಯು ಏಳುತ್ತದೆ.

ಇಲ್ಲಿ, ಮಹಾಜನರೆ, ನನ್ನ ಸ್ವಂತ ಅಪರಾಧವೊಂದನ್ನು ಸನ್ನಿಧಿಯಲ್ಲಿ ನಿವೇದಿಸಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಹಳ್ಳಿಯ ಶಾಲೆಯಲ್ಲಿ ಪಂಡಿತನಾಗಿದ್ದೆನು. ಯೋಗದಿನಕ್ಕೆ ಮುಂಚೆ ಮಕ್ಕಳಿಗೆ ಅಭ್ಯಾಸ ಮಾಡಿಸುವ ಕೆಲಸವು ನನ್ನ ಪಾಲಿಗೆ ಬಂದಿತು. ಅನ್ಯಮತದ ಮನೆಯ ಬಾಲಕನೊಬ್ಬನು, ಹತ್ತು ವರ್ಷದವನಿರಬಹುದು, ಎಲ್ಲರಿಗಿಂತ ಚೆನ್ನಾಗಿ ಬಾಗುತ್ತಿದ್ದನು, ನಿಲ್ಲುತ್ತಿದ್ದನು. ಆದರೆ ಸೂರ್ಯನ ಹೆಸರುಗಳನ್ನು ಹೇಳುವಾಗ ಅವನ ತುಟಿಗಳು ಅಲುಗುತ್ತಿರಲಿಲ್ಲ. ಎರಡು ಸಾರಿ ಎಚ್ಚರಿಸಿದೆನು. ಮೂರನೆಯ ಸಾರಿ ಎಲ್ಲರೆದುರಿಗೆ, ‘ಇಷ್ಟು ಹಠವೇ ನಿನಗೆ’ ಎಂದು ಗದರಿ, ಸಾಲಿನಿಂದ ಹೊರಗೆ ನಿಲ್ಲಿಸಿದೆನು. ಬಾಲಕನು ಅಳಲಿಲ್ಲ, ತಲೆತಗ್ಗಿಸಿ ನಿಂತನು. ಮರುದಿನ ಅವನು ಶಾಲೆಗೆ ಬರಲಿಲ್ಲ.

ಅದರ ಮರುದಿನ ಅವನ ಅಜ್ಜಿಯು ಬಂದಳು. ಜಗಳವಾಡುವಳೆಂದು ನಾನು ಸಿದ್ಧನಾಗಿದ್ದೆನು. ಆಕೆಯಾದರೋ ಬಾಗಿಲಿನ ಹೊರಗೇ ನಿಂತು ಕೈಮುಗಿದು, ‘ಮೇಷ್ಟರೆ, ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳಬಾರದು ಅಂತ ನಾನೇ ಮೊಮ್ಮಗನಿಗೆ ಕಲಿಸಿದ್ದು. ಅದು ತಪ್ಪಾಗಿದ್ದರೆ ಹೇಳಿ, ಬೇರೆ ಕಲಿಸ್ತೀನಿ’ ಎಂದಳು. ನುಡಿದಂತೆ ನಡೆಯಬೇಕೆಂದು ಶರಣರ ಮಾತುಗಳನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಮುದುಕಿಗೆ ಹೇಳಲು ನನ್ನಲ್ಲಿ ಒಂದು ಮಾತೂ ಇರಲಿಲ್ಲ.

ಆ ವಾರವೇ ನನ್ನ ಪಾಠಶಾಲೆಯ ವೃದ್ಧಗುರುಗಳ ಬಳಿಗೆ ಹೋಗಿ ನಡೆದುದನ್ನು ಬಿನ್ನವಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಮನೆಯ ಹುಡುಗನೊಬ್ಬನು, ಇಷ್ಟಲಿಂಗವನ್ನಲ್ಲದೆ ಅನ್ಯವನ್ನು ನಮಿಸಲಾರೆನೆಂದು ಪರರ ಶಾಲೆಯಲ್ಲಿ ಹೀಗೆ ತುಟಿ ಮುಚ್ಚಿ ನಿಂತಿದ್ದರೆ ಅದನ್ನು ನೀನು ಏನೆಂದು ಕರೆಯುತ್ತಿದ್ದೆಯಪ್ಪ?’ ಎಂದು ಕೇಳಿದರು. ‘ನಿಷ್ಠೆಯೆಂದು ಕರೆಯುತ್ತಿದ್ದೆನು’ ಎಂದೆನು. ‘ಹಾಗಾದರೆ ಅವನಲ್ಲಿ ಅದು ಹಠವಾದದ್ದು ಹೇಗೆ?’ ಎಂದರು. ಮತ್ತೇನನ್ನೂ ಹೇಳಲಿಲ್ಲ.

ಈ ಮಾತನ್ನು ನಾವೆಲ್ಲರೂ ಮನನ ಮಾಡಬೇಕಾಗಿದೆ. ಏಕದೇವೋಪಾಸನೆಯು ಶರಣಧರ್ಮದ ಬುನಾದಿ. ಸೂರ್ಯನ ಮಂತ್ರವು ನಿಜವಾಗಿ ಪೂಜೆಯೇ ಆಗಿದ್ದರೆ, ಲಿಂಗನಿಷ್ಠೆಯುಳ್ಳವನು ಸಹ ಅದನ್ನು ಹೇಳುವ ಮೊದಲು ಯೋಚಿಸಬೇಕಾಗುತ್ತದೆ. ಅದು ಪೂಜೆಯಲ್ಲ, ಬರಿಯ ಎಣಿಕೆಯೆಂದರೆ, ಒಂದು ಎರಡು ಎಂದು ಎಣಿಸಿದರೂ ಸಾಕಷ್ಟೆ. ಮಗುವಿನ ಬಾಯಿಂದ ಅದನ್ನೇ ಹೇಳಿಸಬೇಕೆಂಬ ಒತ್ತಾಯವೇಕೆ? ‘ನಮ್ಮದು, ಆದುದರಿಂದ ಎಲ್ಲರೂ ಮಾಡಲೇಬೇಕು’ ಎಂಬ ಮೂರನೆಯ ಪಕ್ಷವು ಇಲ್ಲಿ ಬಿದ್ದುಹೋಗುತ್ತದೆ. ನಮ್ಮದನ್ನು ನಾವು ನಿಜವಾಗಿ ಗೌರವಿಸುವುದಾದರೆ ಅದನ್ನು ಸುತ್ತೋಲೆಯ ಮೂಲಕ ಹಂಚಲಾರೆವು. ನಮ್ಮ ಮನೆಗಳಲ್ಲಿ ಮಗುವಿಗೆ ಲಿಂಗಧಾರಣವಾಗುವುದು ಯಾರ ಆಜ್ಞೆಯಿಂದ? ತಾಯಿತಂದೆಗಳು ಭಕ್ತಿಯಿಂದ ಬೇಡಿಕೊಂಡಾಗ ಗುರುವು ಕರುಣಿಸುತ್ತಾನೆ. ಬೇಡದವನಿಗೆ ದೀಕ್ಷೆಯಿಲ್ಲ. ತಾಯಿತಂದೆಗಳ ಇಚ್ಛೆಗೆ ನಮ್ಮ ಮನೆಯಲ್ಲಿ ಇರುವ ಬೆಲೆಯು ನೆರೆಮನೆಯಲ್ಲಿಯೂ ಇರಬೇಡವೆ?

ಹಾಗಾದರೆ ಎರಡನೆಯ ಪಕ್ಷವೇ ಸರಿಯೆ? ಯೋಗವು ಶಾಲೆಯ ಹೊಸ್ತಿಲನ್ನು ದಾಟಲೇಬಾರದೆ? ಇದನ್ನೂ ನಾನು ಒಪ್ಪಲಾರೆನು. ಏಕೆಂದರೆ ಆಸನವೇ ಬೇರೆ, ಉಪಾಸನೆಯೇ ಬೇರೆ ಎಂಬುದನ್ನು ನಮ್ಮ ಹಿರಿಯರೇ ಸ್ಪಷ್ಟವಾಗಿ ಕಂಡಿದ್ದರು. ಚನ್ನಸದಾಶಿವಯೋಗಿಗಳು ‘ಶಿವಯೋಗಪ್ರದೀಪಿಕೆ’ಯಲ್ಲಿ ಮಂತ್ರ, ಲಯ, ಹಠ, ರಾಜ ಎಂದು ಯೋಗವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ನಾನಾ ಶಾಸ್ತ್ರಗಳ ವಿಷಯವನ್ನು ಕನ್ನಡದಲ್ಲಿ ಎಲ್ಲರಿಗೂ ದೊರೆಯುವಂತೆ ಮಾಡಿದರು. ‘ಶೂನ್ಯಸಂಪಾದನೆ’ಯಲ್ಲಿ ಬರುವ ಗೋರಕ್ಷನ ಪ್ರಸಂಗವಂತೂ ನಿಮಗೆಲ್ಲರಿಗೂ ತಿಳಿದೇ ಇದೆ. ಗೋರಕ್ಷನು ದೇಹವನ್ನು ವಜ್ರದಂತೆ ಬಲಿಸಿದ್ದನು; ಖಡ್ಗವು ತಾಗಿದರೆ ಖಣಿಲೆಂದು ಸದ್ದಾಗುತ್ತಿತ್ತು. ಅದೇ ಖಡ್ಗವನ್ನು ಅಲ್ಲಮಪ್ರಭುವಿನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ದೇಹದ ಸಿದ್ಧಿಯು ಒಂದು. ಅಹಂಕಾರವು ಬಯಲಾಗುವುದು ಇನ್ನೊಂದು. ಮೊದಲನೆಯದನ್ನು ಎಣಿಸಿ, ಅಳೆದು, ಪರೀಕ್ಷೆ ಮಾಡಿ ಕಲಿಸಬಹುದು. ಎರಡನೆಯದಕ್ಕೆ ಪಠ್ಯಕ್ರಮವಿಲ್ಲ, ವೇಳಾಪಟ್ಟಿಯಿಲ್ಲ. ಆದುದರಿಂದ ಶಾಲೆಯು ಮೊದಲನೆಯದನ್ನು ಕಲಿಸಲಿ. ಎರಡನೆಯದನ್ನು ಅರಸಿ ಬರುವವರಿಗೆ ಮಠದ ಬಾಗಿಲು ಯಾವಾಗಲೂ ತೆರೆದಿದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೃಷ್ಟಾಂತವಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ನೀಡುವ ಯೋಜನೆಯು ಕರ್ನಾಟಕದಲ್ಲಿ ೨೦೦೨ರಲ್ಲಿ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ದಾಸೋಹವು ಯಾರ ಮಾತು? ಶರಣರ ಮಾತು. ಆ ಮಾತು ಶಾಲೆಯ ಅಡಿಗೆಮನೆಯನ್ನು ಹೊಕ್ಕಿತು. ಆದರೆ ಅನ್ನವನ್ನುಣ್ಣುವ ಮಗುವನ್ನು ‘ನೀನು ಯಾರವನು’ ಎಂದು ಅದು ಕೇಳಲಿಲ್ಲ, ಉಣ್ಣುವ ಮೊದಲು ಇಂಥ ಮಂತ್ರವನ್ನು ಹೇಳೆನ್ನಲಿಲ್ಲ. ಇದರಿಂದ ದಾಸೋಹದ ಮಹಿಮೆಯು ಕುಂದಿತೆ? ಇಲ್ಲ, ಹೆಚ್ಚಿತು. ಅಲ್ಲಿ ಹೆಸರನ್ನು ಬದಲಿಸಿ ಮೂಲವನ್ನು ಮರೆಯಿಸಬೇಕಾಗಲೂ ಇಲ್ಲ. ಯೋಗವೂ ಹೀಗೆಯೇ ಶಾಲೆಗೆ ಹೋಗಲಿ. ಪದ್ಮಾಸನವನ್ನು ಪದ್ಮಾಸನವೆಂದೇ ಕರೆಯೋಣ. ಇದು ಎಲ್ಲಿ ಹುಟ್ಟಿತು, ಯಾರು ಬೆಳೆಯಿಸಿದರು ಎಂಬುದನ್ನು ಚರಿತ್ರೆಯ ಪಾಠವಾಗಿ ಹೇಳೋಣ. ಆದರೆ ಮಗುವಿನ ಅಂತರಂಗವನ್ನು ಮುಟ್ಟುವ ಅಧಿಕಾರವನ್ನು ಮಾತ್ರ ಕೈಗೆ ತೆಗೆದುಕೊಳ್ಳದಿರೋಣ. ಇದು ನನ್ನ ಸಿದ್ಧಾಂತ.

ಆಚರಣೆಯಲ್ಲಿ ಇದು ಹೇಗೆಂಬುದನ್ನು ಉಪಾಧ್ಯಾಯ ಮಿತ್ರರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲನೆಯದಾಗಿ, ಆಸನಗಳು ವ್ಯಾಯಾಮದ ತರಗತಿಯಲ್ಲಿ, ಎಣಿಕೆಯ ಮೇಲೆ ನಡೆಯಲಿ. ಪ್ರಾರ್ಥನೆ, ಮಂತ್ರ, ಓಂಕಾರಗಳು ಬೇಕೆಂದವರಿಗೆ ಬೇರೆ ಹೊತ್ತಿನಲ್ಲಿ, ತಾಯಿತಂದೆಗಳ ಒಪ್ಪಿಗೆಯ ಮೇಲೆ ಇರಲಿ. ಬೇಡವೆಂದ ಮಗುವನ್ನು ಹೊರಗೆ ನಿಲ್ಲಿಸಬಾರದು. ಸಾಲಿನಲ್ಲಿಯೇ ಮೌನವಾಗಿ ನಿಲ್ಲುವ ಸ್ವಾತಂತ್ರ್ಯವು ಅದಕ್ಕಿರಲಿ. ನ್ಯಾಮತಿಯ ಸೀಮೆಯಲ್ಲಿ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪವಿದೆ. ಆ ಕಡೆಯ ತಾಂಡಾಗಳಿಂದ ಬರುವ ಮಕ್ಕಳಿಗೆ ಅವರದೇ ಆದ ಪ್ರಾರ್ಥನೆಗಳುಂಟು. ಮಸೀದಿಗೆ, ಇಗರ್ಜಿಗೆ, ಬಸದಿಗೆ ಹೋಗುವ ಮನೆಗಳ ಮಕ್ಕಳೂ ನಮ್ಮ ಶಾಲೆಗಳಲ್ಲಿ ಓದುತ್ತಾರೆ. ಅವರೆಲ್ಲರ ಬೆನ್ನೆಲುಬು ಒಂದೇ ರೀತಿಯದು. ನಾಲಿಗೆಯ ಮೇಲಿನ ನಾಮವು ಮಾತ್ರ ಬೇರೆ.

ಎರಡನೆಯದಾಗಿ, ಹೊಟ್ಟೆಯನ್ನು ನೋಡಿ ಆಸನವನ್ನು ಮಾಡಿಸಿರಿ. ಜಗಳೂರಿನ ಬರದ ಸೀಮೆಯಲ್ಲಿ ಬೆಳಿಗ್ಗೆ ಏನನ್ನೂ ತಿನ್ನದೆ ಬರುವ ಮಗುವುಂಟು. ಅದಕ್ಕೆ ತಲೆ ಸುತ್ತುವಂತೆ ಬಗ್ಗಿಸಬಾರದು. ೨೦೧೩ರಲ್ಲಿ ಆರಂಭವಾದ ‘ಕ್ಷೀರಭಾಗ್ಯ’ದ ಹಾಲನ್ನು ಕುಡಿದ ಕೂಡಲೇ, ಬಿಸಿಯೂಟವನ್ನುಂಡ ಕೂಡಲೇ ಆಸನಕ್ಕೆ ನಿಲ್ಲಿಸುವುದೂ ಶಾಸ್ತ್ರಸಮ್ಮತವಲ್ಲ. ಚನ್ನಗಿರಿಯ ಕಡೆ ಅಡಕೆಯ ಸುಗ್ಗಿಯಲ್ಲಿ ಮನೆಯವರೊಡನೆ ರಾತ್ರಿ ಎಚ್ಚರವಿದ್ದು ಬಂದ ಹುಡುಗನಿಗೆ ಶವಾಸನಕ್ಕಿಂತ ಹೆಚ್ಚಿನ ಆಸನವು ಬೇಡ.

ಮೂರನೆಯದಾಗಿ, ಕಲಿಸುವವರು ಕಲಿತವರಾಗಿರಲಿ. ಮೊಬೈಲಿನ ಪರದೆಯನ್ನು ನೋಡಿ ನಿನ್ನೆ ಕಲಿತುದನ್ನು ಇಂದು ನೂರು ಮಕ್ಕಳಿಗೆ ಮಾಡಿಸುವುದು ಅಪಾಯಕರ. ಶೀರ್ಷಾಸನದಂಥವುಗಳನ್ನೂ, ಉಸಿರನ್ನು ಬಿಗಿಹಿಡಿಯುವ ಕುಂಭಕವನ್ನೂ ಎಳೆಯರ ತಂಡಕ್ಕೆ ಹೇಳಿಕೊಡಲೇಬಾರದು. ಉಬ್ಬಸವಿರುವವರನ್ನೂ, ಹೃದಯದ ದೋಷವಿರುವವರನ್ನೂ ವೈದ್ಯರ ಸಲಹೆಯಿಲ್ಲದೆ ಬಲವಂತಪಡಿಸಬಾರದು. ಬೆಳೆದ ಹೆಣ್ಣುಮಕ್ಕಳಿಗೆ ಕಲಿಸಲು ಉಪಾಧ್ಯಾಯಿನಿಯರಿದ್ದರೆ ಲೇಸು. ಯಾವ ದಿನ ಬೇಡವೆಂಬುದನ್ನು ಕಾರಣ ಹೇಳದೆಯೇ ತಿಳಿಸುವ ಅನುಕೂಲವು ಅವರಿಗಿರಲಿ.

ಕೊನೆಯದಾಗಿ, ಇದನ್ನು ಒಂದು ದಿನದ ಉತ್ಸವವನ್ನಾಗಿ ಮಾಡಬಾರದು. ಜೂನ್ ೨೧ರಂದು ಚಿತ್ರ ತೆಗೆಯಿಸಿಕೊಂಡು, ಜೂನ್ ೨೨ರಂದು ಚಾಪೆಯನ್ನು ಸುತ್ತಿಟ್ಟರೆ ಮಕ್ಕಳು ಕಲಿಯುವುದು ಯೋಗವನ್ನಲ್ಲ, ಆಡಂಬರವನ್ನು.

ಆ ಬಾಲಕನ ವಿಷಯವನ್ನು ಅರ್ಧಕ್ಕೆ ಬಿಟ್ಟೆನು. ಗುರುಗಳ ಬಳಿಯಿಂದ ಬಂದವನು ಅವನ ಮನೆಗೆ ಹೋಗಿ, ಅಜ್ಜಿಯ ಮುಂದೆ, ‘ತಾಯಿ, ನೀವು ಕಲಿಸಿದ್ದೇ ಸರಿ, ತಪ್ಪು ನನ್ನದು’ ಎಂದು ಹೇಳಿದೆನು. ಎಲ್ಲರೆದುರಿಗೆ ಗದರಿದವನು ಎಲ್ಲರೆದುರಿಗೇ ಒಪ್ಪಿಕೊಳ್ಳಬೇಕೆಂದು ತೋರಿದುದರಿಂದ, ಮರುದಿನ ಮಕ್ಕಳ ಸಾಲಿನ ಮುಂದೆಯೂ ಅದನ್ನೇ ಹೇಳಿದೆನು. ಬಾಲಕನು ಮತ್ತೆ ಬಂದನು; ಸಾಲಿನಲ್ಲಿ ನಿಂತನು. ಮಂತ್ರದ ಹೊತ್ತಿಗೆ ಅವನ ತುಟಿಗಳು ಹಿಂದಿನಂತೆಯೇ ಮುಚ್ಚಿದ್ದವು. ವೃಕ್ಷಾಸನದಲ್ಲಿ ಒಂಟಿಕಾಲಿನ ಮೇಲೆ ಅವನು ನಿಂತಷ್ಟು ಹೊತ್ತು ನನ್ನ ಶಾಲೆಯಲ್ಲಿ ಬೇರೆ ಯಾರೂ ನಿಲ್ಲಲಿಲ್ಲ. ಅಂದಿನಿಂದ ಮುಂದೆ ನಾನು ಎಣಿಕೆಯನ್ನೇ ಹೇಳಿ ಮಾಡಿಸಿದೆನು.

ನಮ್ಮ ಸಂಸ್ಥೆಗಳ ಕಾರ್ಯಕರ್ತರು ಈ ವಿಷಯವನ್ನು ಆಲೋಚಿಸಿ, ತಾಯಿತಂದೆಗಳ ಒಪ್ಪಿಗೆಯನ್ನು ಪಡೆಯುವ ಪದ್ಧತಿಯನ್ನು, ಸರ್ಕಾರವು ವಿಧಿಸುವ ಮೊದಲೇ ತಾವಾಗಿ ಆಚರಣೆಗೆ ತರಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಮಾತಿನಲ್ಲಿ ದೋಷಗಳಿದ್ದರೆ ಅವು ನನ್ನವು. ಗುಣವೇನಾದರೂ ಇದ್ದರೆ ಅದು ಗುರುಗಳದು. ಎಲ್ಲರ ಮಕ್ಕಳೂ ದೃಢಕಾಯರೂ ನಿರ್ಮಲಚಿತ್ತರೂ ಆಗಿ ಬಾಳುವಂತೆ ಶ್ರೀಗುರುವು ಕರುಣಿಸಲೆಂದು ಬೇಡಿ, ಈ ಅಲ್ಪಸೇವೆಯನ್ನು ಸನ್ನಿಧಿಗೆ ಸಮರ್ಪಿಸುತ್ತೇನೆ.